ಫುಟ್‌ಪಾತ್ ತೀರ್ಪು: ಬೀದಿ ವ್ಯಾಪಾರಿಗಳನ್ನು ಕಂಡಕಂಡವರು ಎಬ್ಬಿಸುವಂತಿಲ್ಲ

‘ಫುಟ್‌ಪಾತ್ ಪಾದಚಾರಿಗಳ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಇನ್ನು ತಳ್ಳುಗಾಡಿಯವರನ್ನು ನೋಟಿಸೇ ಕೊಡದೆ ಎತ್ತಂಗಡಿ ಮಾಡಬಹುದು’ ಎಂಬ ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ. ಮೊದಲರ್ಧ ನಿಜ, ಉಳಿದದ್ದು ತಪ್ಪು.

ಅಡೆತಡೆಯಿಲ್ಲದ, ಅಂಗವಿಕಲರೂ ಬಳಸಬಲ್ಲ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ (ಜೀವಿಸುವ ಹಕ್ಕು) ಭಾಗ ಎಂದು ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದ್ದು ಹೌದು; ಒತ್ತುವರಿ ತೆರವು ಮಾಡಿ ಎಂದದ್ದೂ ಹೌದು. ಆದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ರದ್ದಾಗಿಲ್ಲ. ಅದರ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ನಡೆದು, ವ್ಯಾಪಾರದ ಪ್ರಮಾಣಪತ್ರ ಸಿಗಬೇಕು. ಜಾಗ ಬದಲಿಸಲು ಅಥವಾ ತೆರವು ಮಾಡಲು 30 ದಿನಗಳ ನೋಟಿಸ್ ಕೊಡಬೇಕು. ಈ ಸಮೀಕ್ಷೆ ನಡೆಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು.

ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಫುಟ್‌ಪಾತ್‌ಗೆ ಕೇಳುವುದು ಕನಿಷ್ಠ 1.8 ಮೀಟರ್ ತೆರವಾದ ದಾರಿ. ಬೆಂಗಳೂರಿನ ಯಾವುದಾದರೂ ರಸ್ತೆಯಲ್ಲಿ ಟೇಪು ಹಿಡಿದು ನಡೆಯಿರಿ: ಟ್ರಾನ್ಸ್‌ಫಾರ್ಮರ್, ಎಂ-ಸ್ಯಾಂಡ್ ರಾಶಿ, ಸಾಲಾಗಿ ನಿಂತ ಬೈಕು, ಮನೆಯವರು ಗೇಟಿನ ಮುಂದೆ ಹಾಕಿಸಿಕೊಂಡ ಇಳಿಜಾರು ಕಾಂಕ್ರೀಟು. ಸೊಪ್ಪಿನಮ್ಮನ ಬುಟ್ಟಿ ಆಮೇಲಿನ ಮಾತು. ಬೈಕುಗಳನ್ನು ಎತ್ತಿಸಿ ಅಂತ ಮಾತ್ರ ಯಾರೂ ಫಾರ್ವರ್ಡ್ ಮಾಡುತ್ತಿಲ್ಲ, ನೋಡಿ!