ಗುಡ್ ಜಾಬ್ ಎಂಬ ಷರಾ

ಮಗಳ ಇಂಗ್ಲಿಷ್ ಕ್ಲಾಸಿನಲ್ಲಿ ಕಷ್ಟ ಅನ್ನುವುದೇ ಇರಲಿಲ್ಲ. ಹೆಸರಿಗೆ ಅದು ಎಪಿ ಲ್ಯಾಂಗ್ವೇಜ್. ಅಮೆರಿಕದ ಹೈಸ್ಕೂಲಿನಲ್ಲೇ ಕೂತು ಕಾಲೇಜು ಮಟ್ಟದ ಇಂಗ್ಲಿಷ್ ಕಲಿಯುವ ಏರ್ಪಾಟು. ನಡೆಯುತ್ತಿದ್ದದ್ದು ಮಾತ್ರ ಪೋಸ್ಟರಿಗೆ ಬಣ್ಣ ಹಚ್ಚುವುದು, ಗುಂಪು ಚರ್ಚೆಯ ಹೆಸರಿನಲ್ಲಿ ಹರಟೆ, ಶುಕ್ರವಾರ ಸಿನಿಮಾ. ಏನು ಬರೆದುಕೊಟ್ಟರೂ ಮೇಲೊಂದು 'ಎ', ಪಕ್ಕದಲ್ಲಿ ನಗುಮುಖ, ಕೆಳಗೆ 'ಗುಡ್ ಜಾಬ್'. 'ಎ' ಬರುತ್ತಿರುವ ಮನೆಯಲ್ಲಿ ಯಾರು ತಾನೇ ತಕರಾರು ತೆಗೆಯುತ್ತಾರೆ? ಅದೇ ಖುಷಿಯಲ್ಲಿ ನವೆಂಬರಿನಲ್ಲೇ ಪರೀಕ್ಷೆಗೆ 99 ಡಾಲರ್ ಕಟ್ಟಿಬಿಟ್ಟೆವು.

ಮೇ ತಿಂಗಳ ಆ ಪರೀಕ್ಷೆ ನಡೆಸುವುದು ಶಾಲೆಯ ಮೇಷ್ಟ್ರಲ್ಲ, ಕಾಲೇಜ್ ಬೋರ್ಡ್ ಅನ್ನುವ ಹೊರಗಿನ ಸಂಸ್ಥೆ. ಅವರಿಗೆ ನಗುಮುಖ ಬರೆಯುವ ಅಭ್ಯಾಸವಿಲ್ಲ. 1ರಿಂದ 5ರವರೆಗೆ ಒಂದೇ ಒಂದು ಅಂಕಿ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇದೆಲ್ಲ ನಮ್ಮ ತಲೆಗೆ ಹೊಕ್ಕಿದ್ದು ಏಪ್ರಿಲ್ ಬಂದಮೇಲೆ.

ಮೊದಲ ಭಾಗದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. 60 ನಿಮಿಷ, 45 ಪ್ರಶ್ನೆ, ಸರಿಯುತ್ತರ ಆರಿಸುವುದು. ತಪ್ಪಾದರೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಅಷ್ಟೇ.

ಗೋಳಿರುವುದು ಪ್ರಬಂಧದಲ್ಲಿ. ಮೂರು ಪ್ರಬಂಧ, ಮೊದಲು ಓದಿಕೊಳ್ಳಲು 15 ನಿಮಿಷ, ಆಮೇಲೆ ಒಂದೊಂದಕ್ಕೆ ಸುಮಾರು 40 ನಿಮಿಷ. ಒಟ್ಟು ಅಂಕದಲ್ಲಿ ನೂರಕ್ಕೆ 55 ಪಾಲು ಇವುಗಳದ್ದೇ. ವರ್ಷವಿಡೀ ಗಡಿಯಾರ ನೋಡಿ ಒಂದು ಪ್ಯಾರಾ ಬರೆಯದ ಹುಡುಗಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. 2025ರಿಂದ ಈ ಪರೀಕ್ಷೆ ಪೂರ್ತಿ ಕಂಪ್ಯೂಟರಿನಲ್ಲೇ. ಅಕ್ಷರ ಚೆನ್ನಾಗಿಲ್ಲ ಅನ್ನುವ ನೆಪವೂ ಹೋಯಿತು.

ಹಳೆಯ ಪ್ರಶ್ನೆಗಳನ್ನೂ ಮಕ್ಕಳು ಬರೆದ ಮಾದರಿ ಉತ್ತರಗಳನ್ನೂ ಬೋರ್ಡಿನವರೇ ಪುಕ್ಕಟೆ ಕೊಡುತ್ತಾರೆ, ಯಾಕೆ ಅಷ್ಟು ಅಂಕ ಅನ್ನುವ ವಿವರಣೆ ಸಮೇತ. ನಾನು ಅದನ್ನು ಇಟ್ಟುಕೊಂಡು ಮೌಲ್ಯಮಾಪಕನಾದೆ. ಪ್ರತಿ ಪ್ರಬಂಧಕ್ಕೆ 6 ಅಂಕ. ನಿಲುವಿಗೆ 1, ಆಧಾರ ಮತ್ತು ವಿವರಣೆಗೆ 4. ಉಳಿದ 1 ಯೋಚನೆಯ ಸೂಕ್ಷ್ಮತೆಗಂತೆ. ಆ ಒಂದರ ಆಸೆಯನ್ನು ನಾವು ಮೊದಲ ದಿನವೇ ಬಿಟ್ಟೆವು.

ಅವಳ ಮೊದಲ ಪ್ರಬಂಧ ಒಂದು ಭಾಷಣದ ಮೇಲೆ. ಮಾತಾಡಿದವರು ಕೇಳುಗರನ್ನು ಹೇಗೆ ಒಲಿಸಿಕೊಂಡರು ಅಂತ ಬಿಡಿಸಿ ಹೇಳಬೇಕು. ಇವಳು ಬರೆದಿದ್ದಳು: ಇಲ್ಲಿ ರೂಪಕವಿದೆ, ಇಲ್ಲಿ ಒಂದೇ ಮಾತು ಮೂರು ಸಲ ಬಂದಿದೆ, ಇಲ್ಲಿ ಪ್ರಶ್ನೆಯಿದೆ, ಎಲ್ಲವೂ ತುಂಬಾ ಪರಿಣಾಮಕಾರಿ. ಮದುವೆಮನೆಯ ಪಾತ್ರೆ ಎಣಿಸಿಟ್ಟ ಹಾಗಿತ್ತು. ಅಡುಗೆ ಆಗಿರಲಿಲ್ಲ.

"ಮೂರು ಸಲ ಯಾಕೆ ಹೇಳಿದರು?" ಅಂದೆ.

"ಒತ್ತು ಕೊಡೋಕೆ."

"ಯಾಕೆ ಒತ್ತು ಬೇಕಿತ್ತು? ಎದುರಿಗೆ ಕೂತಿದ್ದವರು ಯಾರು?"

ಅವಳು ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದಳು. ವರ್ಷಪೂರ್ತಿ ಆ ಕ್ಲಾಸಿನಲ್ಲಿ ಯಾರೂ ಅವಳನ್ನು 'ಯಾಕೆ' ಅಂತ ಕೇಳಿರಲಿಲ್ಲ. ಮೇಷ್ಟ್ರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದೇ ಒಂದು ಸಲ ಮಾರ್ಜಿನ್ನಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು ಅನ್ನಿಸಿತು. ನಾನಾದರೂ ಕೇಳಬಹುದಿತ್ತು, ಅಲ್ವಾ? ನಾನೂ 'ಎ' ನೋಡಿ ಸುಮ್ಮನಿದ್ದವನೇ.

ಆಮೇಲೆ ಮೂರು ವಾರ ಮನೆ ತುಂಬಾ 'ಯಾಕೆ'. ಮೊದಲು 2, ಆಮೇಲೆ 3, ಒಂದು ಭಾನುವಾರ 4 ಬಂತು. ಆ ದಿನ ನಾನು ಸುಮ್ನಿರಬಹುದಿತ್ತು. "ನಿಲುವು ಇನ್ನೂ ಸ್ಪಷ್ಟವಾಗಿರಬೇಕಿತ್ತು" ಅಂದುಬಿಟ್ಟೆ.

"ಹಾಗಾದ್ರೆ ನೀನೇ ಬರಿ ಅಪ್ಪಾ," ಅಂದವಳೇ ಫೋನಿನಲ್ಲಿ 40 ನಿಮಿಷದ ಟೈಮರ್ ಒತ್ತಿದಳು.

ಒಂದು ಹೇಳಿಕೆ ಕೊಟ್ಟು, ಒಪ್ಪುತ್ತೀಯೋ ಇಲ್ಲವೋ ವಾದಿಸು ಅನ್ನುವ ಪ್ರಶ್ನೆ. ಮೊದಲ ವಾಕ್ಯಕ್ಕೇ ಹನ್ನೊಂದು ನಿಮಿಷ ಹಿಡಿಯಿತು. ಒಂದು ಕಡೆ ನೋಡಿದರೆ ಹೌದು ಅಂತ ಬರೆದೆ, ಇನ್ನೊಂದು ಕಡೆ ನೋಡಿದರೆ ಅಲ್ಲ ಅಂತಲೂ ಬರೆದೆ. ಆಫೀಸಿನ ಮೀಟಿಂಗುಗಳಲ್ಲಿ ಇದರಿಂದಲೇ ನಾನು ಇಷ್ಟು ವರ್ಷ ಬದುಕಿದ್ದೇನೆ. ಮೂರನೇ ಪ್ಯಾರಾದ ಮಧ್ಯೆ ಟೈಮರ್ ಬಡಿದುಕೊಂಡಿತು.

ಅವಳು ಓದಿದಳು. ನಿಲುವಿಗೆ 0. ಆಧಾರ ಮತ್ತು ವಿವರಣೆಗೆ 2. ಸೂಕ್ಷ್ಮತೆಯ ಜಾಗದಲ್ಲಿ ಬರೀ ಒಂದು ಗೆರೆ. ಕೆಳಗೆ ಒಂದು ನಗುಮುಖ ಬಿಡಿಸಿ, ಪಕ್ಕದಲ್ಲಿ ದುಂಡಗೆ ಬರೆದಿದ್ದಳು: 'ಗುಡ್ ಜಾಬ್'.