ತಲೆ ಲೆಕ್ಕ

ವಿಡಿಯೊ ಗೇಮಿನ ಪರದೆಯ ಒಂದು ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ಕೆಡವಿದವರ ಲೆಕ್ಕ. ಯುದ್ಧ ಶುರುವಾದಾಗ ಅಲ್ಲಿರುವುದು ಸೊನ್ನೆ. ಚೌಕದ ಗುಂಡಿಯನ್ನು ಮೂರ್ನಾಲ್ಕು ಸಲ, ತ್ರಿಕೋನದ ಗುಂಡಿಯನ್ನು ಒಂದು ಸಲ ಒತ್ತಿದರೆ ಸುತ್ತ ನಿಂತವರೆಲ್ಲ ಗಾಳಿಗೆ ಹಾರಿ ಬೀಳುತ್ತಾರೆ, ಸಂಖ್ಯೆ ಎಂಟೋ ಹತ್ತೋ ಆಗುತ್ತದೆ. ಪಕ್ಕದಲ್ಲಿಟ್ಟುಕೊಂಡ ಕಾಫಿ ಆರುವಷ್ಟರಲ್ಲಿ ಮುನ್ನೂರು ದಾಟಿರುತ್ತದೆ. ನಡುನಡುವೆ ನಮ್ಮ ಕಡೆಯ ದಳಪತಿಯೊಬ್ಬ ಎಲ್ಲಿಂದಲೋ ಭೇಷ್ ಅನ್ನುತ್ತಾನೆ. ಆಫೀಸಿನಲ್ಲಿ ವರ್ಷಕ್ಕೊಮ್ಮೆಯೂ ಕಿವಿಗೆ ಬೀಳದ ಮಾತು ಇಲ್ಲಿ ಹತ್ತು ನಿಮಿಷಕ್ಕೊಮ್ಮೆ ಸಿಗುತ್ತದೆ. ನಾನು ಈ ಆಟಕ್ಕೆ ಅಂಟಿಕೊಂಡಿರುವುದಕ್ಕೆ ಇಷ್ಟು ಕಾರಣ ಸಾಕು.

ಆಟದ ಹೆಸರು ಡೈನಾಸ್ಟಿ ವಾರಿಯರ್ಸ್. ಮಾಡಿದವರು ಜಪಾನಿನ ಕೋಯಿ ಕಂಪನಿಯವರು, ಕಥೆ ಚೀನಾದ್ದು, ಪಾತ್ರಗಳು ಆಡುವುದು ಅಮೆರಿಕದ ಇಂಗ್ಲಿಷು, ಆಡಿಸುವವನು ಬೆಂಗಳೂರಿನ ಬಾಡಿಗೆ ಮನೆಯ ಮಧ್ಯವಯಸ್ಕ. 1997ರಲ್ಲಿ ಮೊದಲ ಆಟ ಬಂದಾಗ ಅದು ಇಬ್ಬರು ಎದುರುಬದುರು ನಿಂತು ಬಡಿದಾಡುವ ಮಾಮೂಲಿ ಕಾಳಗ. 2000ದಲ್ಲಿ ಪ್ಲೇಸ್ಟೇಷನ್ 2 ಬಂದ ಹೊಸತರಲ್ಲಿ ಎರಡನೆಯದನ್ನು ಮಾಡಿದವರಿಗೆ ಯಾರು ಆ ಬುದ್ಧಿ ಕೊಟ್ಟರೋ, ಆಟಗಾರನನ್ನು ಒಬ್ಬನನ್ನೇ ತಂದು ಇಡೀ ಸೈನ್ಯದ ನಡುವೆ ನಿಲ್ಲಿಸಿಬಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಸೂತ್ರ ಹೆಚ್ಚು ಬದಲಾಗಿಲ್ಲ. ಒಂಬತ್ತನೆಯದರಲ್ಲಿ ಇಡೀ ಚೀನಾವನ್ನೇ ಬಯಲಾಗಿ ಬಿಟ್ಟು, ಎಲ್ಲಿ ಬೇಕಾದರೂ ಅಲೆಯಿರಿ ಅಂದರು. ಅಲೆಯುವುದೇ ಆಯಿತು, ಹೊಡೆಯುವುದಕ್ಕೆ ಜನ ಸಿಗಲಿಲ್ಲ. ಅಭಿಮಾನಿಗಳು ಬೈದರು. 2025ರಲ್ಲಿ ಬಂದ ಆಟದಲ್ಲಿ ಮತ್ತೆ ಸೈನ್ಯದ ನಡುವಿಗೇ ತಂದು ನಿಲ್ಲಿಸಿದ್ದಾರೆ.

ಇದರ ಸುಖ ಏನು ಎಂದು ಕೇಳಿದರೆ ಗಂಭೀರವಾಗಿ ಉತ್ತರ ಹೇಳುವುದು ಕಷ್ಟ. ಸಂಜೆ ಹೊತ್ತು ಸೊಳ್ಳೆ ಬ್ಯಾಟು ಹಿಡಿದು ಕೋಣೆಯಲ್ಲಿ ಓಡಾಡಿದವರಿಗೆ ಗೊತ್ತು. ಚಟ್ ಅಂದರೆ ಒಂದು ಸುಖ, ಚಟ್ ಚಟ್ ಅಂದರೆ ಎರಡು ಸುಖ, ಒಂದೂ ಇಲ್ಲದಿದ್ದರೆ ಕಿಟಕಿಯ ಪರದೆ ಅಲ್ಲಾಡಿಸಿ ಎಬ್ಬಿಸಿಯಾದರೂ ಹೊಡೆಯಬೇಕು ಅನ್ನಿಸುತ್ತದೆ. ಆಟದಲ್ಲೂ ಅದೇ. ಕೋಟೆ ಗೆದ್ದಾಗಿದೆ, ಎದುರಾಳಿ ಸೇನಾಪತಿ ಓಡಿಹೋಗಿದ್ದಾನೆ, ಆದರೂ ನಾನು ಮೂಲೆಯ ಬಾಗಿಲಿನ ಹತ್ತಿರ ಉಳಿದ ಏಳೆಂಟು ಜನರನ್ನು ಹುಡುಕಿಕೊಂಡು ಹೋಗುತ್ತೇನೆ. ಯುದ್ಧಕ್ಕೆ ಅವರಿಂದ ಏನೂ ಆಗಬೇಕಾಗಿಲ್ಲ. ಮೂಲೆಯ ಸಂಖ್ಯೆಗೆ ಆಗಬೇಕು.

ಆ ಏಳೆಂಟು ಜನ ಏನು ಮಾಡುತ್ತಿರುತ್ತಾರೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಬ್ಬ ಈಟಿ ಮುಂದೆ ಹಿಡಿದು ಎರಡು ಹೆಜ್ಜೆ ಬರುತ್ತಾನೆ, ಒಂದು ಹೆಜ್ಜೆ ಹಿಂದೆ ಹೋಗುತ್ತಾನೆ. ಪಕ್ಕದವನು ಕತ್ತಿ ಎತ್ತಿ ಹಾಗೇ ಹಿಡಿದುಕೊಂಡಿರುತ್ತಾನೆ, ಇಳಿಸುವುದಿಲ್ಲ. ಹಿಂದಿನ ಸಾಲಿನವನು ಮುಂದಿನವನ ಬೆನ್ನ ಹಿಂದೆ ಸರಿದು ನಿಂತು ಸುತ್ತಲೂ ನೋಡುತ್ತಾನೆ. ಹತ್ತು ಜನರಲ್ಲಿ ಒಬ್ಬನೋ ಇಬ್ಬರೋ ಹೊಡೆಯಲು ಬಂದರೆ ಹೆಚ್ಚು. ಕಷ್ಟದ ಹಂತ ಆರಿಸಿಕೊಂಡರೆ ಇನ್ನೂ ಒಂದಿಬ್ಬರು ಮೈಮೇಲೆ ಬರುತ್ತಾರೆ. ಇದು ಅವರ ತಪ್ಪಲ್ಲ. ಸುತ್ತ ನಿಂತ ಎಲ್ಲರೂ ಒಟ್ಟಿಗೆ ಹೊಡೆದರೆ ಎಂಥ ವೀರನಾದರೂ ಮೂರು ಸೆಕೆಂಡಿಗಿಂತ ಹೆಚ್ಚು ಬಾಳುವುದಿಲ್ಲ, ಆಟ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಸರದಿ ಬರುವವರೆಗೆ ಸುಮ್ಮನಿರಬೇಕೆಂದು ಅವರಿಗೆ ಅಪ್ಪಣೆಯಾಗಿದೆ. ಹಳೆಯ ಆಟಗಳಲ್ಲಂತೂ ಒಂದೇ ಹೊತ್ತಿಗೆ ಇಷ್ಟು ಜನರನ್ನು ಮಾತ್ರ ತೋರಿಸಲು ಯಂತ್ರಕ್ಕೆ ಶಕ್ತಿ ಇದ್ದದ್ದು. ಉಳಿದವರು ಮಂಜಿನ ಆಚೆ ಇರುತ್ತಿದ್ದರು. ಹತ್ತಿರ ಹೋದರೆ ಬಯಲಲ್ಲಿ ಫಕ್ಕನೆ ಮೂಡುತ್ತಿದ್ದರು, ಬಿದ್ದು ಒಂದು ಗಳಿಗೆಗೆ ಮಾಯವಾಗುತ್ತಿದ್ದರು. ಹುಟ್ಟು ಸಾವು ಎರಡೂ ನನ್ನ ಕಣ್ಣೆದುರಿಗೇ.

ಅಮ್ಮ ಊರಿಂದ ಬಂದಿದ್ದಾಗ ಒಂದು ದಿನ ಹಿಂದೆ ಕೂತು ಬೀನ್ಸ್ ಬಿಡಿಸುತ್ತಾ ನೋಡುತ್ತಿದ್ದಳು.

“ಅವ್ನು ಸುಮ್ನೆ ನಿಂತಿದ್ನಲ್ಲೋ, ಅವನಿಗ್ಯಾಕೆ ಹೊಡ್ದೆ?”

“ಅವ್ನು ಶತ್ರು ಅಮ್ಮ.”

“ಹಂಗಂತ ಅವನಿಗೆ ಗೊತ್ತಿತ್ತಾ?”

ಗೊತ್ತಿರಲಿಕ್ಕಿಲ್ಲ. ಕ್ರಿ.ಶ. 184ರಲ್ಲಿ ತಲೆಗೆ ಹಳದಿ ವಸ್ತ್ರ ಸುತ್ತಿಕೊಂಡು ಹಾನ್ ಸಾಮ್ರಾಜ್ಯದ ಮೇಲೆ ದಂಗೆಯೆದ್ದವರಲ್ಲಿ ಬಹಳ ಮಂದಿ ಬರ, ರೋಗ, ತೆರಿಗೆಗಳಿಂದ ಬೇಸತ್ತ ರೈತರು. ಆಟದ ಮೊದಲ ಯುದ್ಧ ಸಾಮಾನ್ಯವಾಗಿ ಅವರ ಮೇಲೇ. ಗುಂಡಿ ಒತ್ತುವುದನ್ನು ಕಲಿಯುವುದೇ ಅವರನ್ನು ಹೊಡೆದು. ದಂಗೆ ಅಡಗಿದ ಮೇಲೂ ಅರಮನೆ ಚೇತರಿಸಿಕೊಳ್ಳಲಿಲ್ಲ. ಊರಿಗೊಬ್ಬ ದಂಡನಾಯಕ ಎದ್ದ. ಕಡೆಗೆ ಉಳಿದವರು ಮೂವರು: ಉತ್ತರದಲ್ಲಿ ತ್ಸಾವ್ ತ್ಸಾವ್, ತೆಂಕಣ ಪೂರ್ವದಲ್ಲಿ ಸುನ್ ಚುವಾನ್, ಪಡುವಣದಲ್ಲಿ ಲಿಯು ಬೇ. 220ರಲ್ಲಿ ಹಾನ್ ವಂಶ ಮುಗಿಯಿತು, 280ರಲ್ಲಿ ಜಿನ್ ವಂಶ ಎಲ್ಲವನ್ನೂ ಒಂದು ಮಾಡಿತು. ಈ ನಡುವಿನ ನೂರು ವರ್ಷದ ಹೆಣಗಾಟವನ್ನು ನಾನು ಪುಸ್ತಕ ಓದಿ ತಿಳಿದವನಲ್ಲ. ಹೆಬ್ಬೆರಳಿನಿಂದ ತಿಳಿದವನು. ಪುಸ್ತಕ ಆಮೇಲೆ ಬಂತು, ಅದೂ ಆಟದವರು ಎಷ್ಟು ಸುಳ್ಳು ಹೇಳಿದ್ದಾರೆ ನೋಡೋಣ ಅನ್ನುವ ಕೆಟ್ಟ ಕುತೂಹಲದಿಂದ.

ಸುಳ್ಳು ಬೇಕಾದಷ್ಟಿದೆ. ಅದರಲ್ಲಿ ಅರ್ಧಕ್ಕೆ ಆಟದವರು ಹೊಣೆಯಲ್ಲ. ಮೂರು ರಾಜ್ಯಗಳ ಮೇಲೆ ಹದಿನಾಲ್ಕನೆಯ ಶತಮಾನದ ಹೊತ್ತಿಗೆ ರೂಪುಗೊಂಡ ದೊಡ್ಡ ಕಾದಂಬರಿಯೇ ಅದನ್ನು ಹೇಳಿತ್ತು. ಅದಕ್ಕೂ ಸಾವಿರ ವರ್ಷ ಮೊದಲು, ಆ ಕಾಲದಲ್ಲೇ ಬದುಕಿದ್ದ ಚೆನ್ ಶೋ ಎಂಬ ಇತಿಹಾಸಕಾರ ಬರೆದ ದಾಖಲೆ ಬಹಳ ಬಿಗಿ. ಆದರೆ ಆ ಬಿಗಿ ಮನುಷ್ಯನೂ ಒಂದು ಕಡೆ ನನಗೆ ಕೈಕೊಟ್ಟ. 200ನೇ ಇಸವಿಯಲ್ಲಿ ಗುವಾನ್ ಯು ಎಂಬ ವೀರ ದೂರದಿಂದ ಎದುರಾಳಿ ದಳಪತಿ ಯಾನ್ ಲಿಯಾಂಗನ ಛತ್ರವನ್ನು ಕಂಡು, ಕುದುರೆ ಓಡಿಸಿ, ಹತ್ತು ಸಾವಿರ ಜನರ ನಡುವೆ ನುಗ್ಗಿ, ಅವನನ್ನು ಇರಿದು, ತಲೆ ಕತ್ತರಿಸಿಕೊಂಡು ಹಿಂದಿರುಗಿದನಂತೆ. ತಡೆಯುವುದು ಯಾರಿಂದಲೂ ಆಗಲಿಲ್ಲವಂತೆ. ಇದನ್ನು ಓದಿ ನಾನು ಅಣ್ಣನ ಮಗನಿಗೆ ಫೋನು ಮಾಡಿದೆ. ಅವನಿಗೆ ಏನೂ ಆಶ್ಚರ್ಯವಾಗಲಿಲ್ಲ. “ಚಿಕ್ಕಪ್ಪ, ಅದೇ ತಾನೇ ನಾವು ದಿನಾ ಮಾಡೋದು?” ಅಂದ.

ಹತ್ತು ಸಾವಿರ ಜನ ಅಷ್ಟು ಹೊತ್ತು ಏನು ಮಾಡುತ್ತಿದ್ದರು ಎಂದು ಚೆನ್ ಶೋ ಹೇಳುವುದಿಲ್ಲ. ಈಟಿ ಮುಂದೆ ಹಿಡಿದು ಎರಡು ಹೆಜ್ಜೆ ಬಂದು ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದರು ಎಂದು ನನ್ನ ಊಹೆ.

ಲ್ಯು ಬು ಎಂಬವನ ಮಾತು ಹೇಳದೆ ಮುಂದೆ ಹೋದರೆ ಈ ಆಟ ಆಡಿದವರು ನನ್ನನ್ನು ಕ್ಷಮಿಸುವುದಿಲ್ಲ. ಹುಲಾವ್ ಎಂಬ ಕಣಿವೆ ಬಾಗಿಲಿನ ಯುದ್ಧದಲ್ಲಿ ಅವನು ಕೆಂಪು ಕುದುರೆ ಏರಿ, ತಲೆಯ ಮೇಲೆ ಎರಡು ಉದ್ದ ಗರಿ ಕುಣಿಸುತ್ತಾ ಬರುತ್ತಾನೆ. ಸಂಗೀತವೇ ಬದಲಾಗುತ್ತದೆ. ಲ್ಯು ಬುವಿನ ಬೆನ್ನು ಹತ್ತಬೇಡಿ ಎಂದು ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ. ಇಷ್ಟೊಂದು ಹೇಳಿದ ಮೇಲೆ ಬೆನ್ನು ಹತ್ತದೆ ಇರುವವರು ಯಾರು? ಎರಡು ಏಟಿಗೆ ನೆಲ ಕಚ್ಚುತ್ತೇವೆ. ಆಯುಧ ಬಲಿಸಿಕೊಂಡು ಬಂದು ಅವನನ್ನು ಬೀಳಿಸಿದ ದಿನ ನಾನು ಎದ್ದು ನಿಂತು ಮನೆಯವರನ್ನೆಲ್ಲ ಕರೆದೆ. ಮೂಲೆಯ ಸಂಖ್ಯೆ ಮಾತ್ರ ಒಂದೇ ಒಂದು ಏರಿತ್ತು. ಅವನಿಗೂ ಒಂದೇ, ಅವನ ಕುದುರೆ ಕಾಯುವವನಿಗೂ ಒಂದೇ. ಈ ಸಮತಾವಾದ ನನಗೆ ಹಿಡಿಸಿತು. ಇತಿಹಾಸದ ಲ್ಯು ಬುವಿಗೆ ಇಷ್ಟು ವೈಭವದ ಕೊನೆ ಇರಲಿಲ್ಲ. ಮುತ್ತಿಗೆಗೆ ಸಿಕ್ಕಿ, ಕೈಕೆಳಗಿನವರೇ ಶತ್ರುವಿನ ಕಡೆಗೆ ಹೋಗಿ, ಹಗ್ಗದಲ್ಲಿ ಕಟ್ಟಿಸಿಕೊಂಡು ತ್ಸಾವ್ ತ್ಸಾವ್‌ನ ಎದುರು ನಿಂತ. ಕಟ್ಟು ತುಂಬ ಬಿಗಿಯಾಯಿತು, ಸ್ವಲ್ಪ ಸಡಿಲ ಮಾಡಿಸಿ ಅಂದನಂತೆ. ಹುಲಿಯನ್ನು ಕಟ್ಟುವಾಗ ಬಿಗಿಯಾಗಿಯೇ ಕಟ್ಟಬೇಕಾಗುತ್ತದೆ ಅಂದನಂತೆ ತ್ಸಾವ್ ತ್ಸಾವ್. ಆಮೇಲೆ ಕೊಲ್ಲಿಸಿದ.

ಈ ತ್ಸಾವ್ ತ್ಸಾವ್ ಲೆಕ್ಕದ ವಿಷಯದಲ್ಲಿ ದೊಡ್ಡ ಕಿಲಾಡಿ. 208ರಲ್ಲಿ ಯಾಂಗ್ಟ್ಸೆ ನದಿಗುಂಟ ದಂಡೆತ್ತಿ ಬಂದಾಗ ತನ್ನ ಸೈನ್ಯ ಎಂಟು ಲಕ್ಷ ಎಂದು ಸಾರಿಸಿದ. ಎದುರಿನ ಸುನ್ ಚುವಾನ್‌ನ ಪಾಳಯದಲ್ಲಿ ಎಲ್ಲರ ಮುಖ ಬಾಡಿತು. ಝೋ ಯು ಎಂಬ ತರುಣ ಸೇನಾಪತಿ ಮಾತ್ರ ಬೆರಳು ಮಡಚಿ ಲೆಕ್ಕ ಹಾಕಿದ: ಉತ್ತರದಿಂದ ಬಂದವರು ಒಂದೂವರೆ ಲಕ್ಷದ ಆಸುಪಾಸು, ಅವರೂ ನಡೆದು ನಡೆದು ದಣಿದವರು; ಹೊಸದಾಗಿ ಶರಣಾಗಿ ಸೇರಿಕೊಂಡವರು ಹೆಚ್ಚೆಂದರೆ ಎಪ್ಪತ್ತೆಂಬತ್ತು ಸಾವಿರ, ಅವರಿಗೆ ಮನಸ್ಸೇ ಇಲ್ಲ. ನನಗೆ ಐವತ್ತು ಸಾವಿರ ಕೊಡಿ ಅಂದ. ಮೂವತ್ತು ಸಾವಿರ ಸಿಕ್ಕಿತು. ಆಮೇಲೆ ಬೆಂಕಿಯ ಹಡಗು, ಗಾಳಿ, ಎಲ್ಲ ಆಟದಲ್ಲಿ ಕಣ್ಣು ಕೋರೈಸುವ ಹಾಗೆ ಬರುತ್ತದೆ. ತ್ಸಾವ್ ತ್ಸಾವ್‌ನ ಪಾಳಯದಲ್ಲಿ ಅಷ್ಟರಲ್ಲೇ ರೋಗ ಹಬ್ಬಿತ್ತು ಎನ್ನುವುದು ಬರುವುದಿಲ್ಲ. ಭೇದಿ ಹತ್ತಿ ಮಲಗಿದವನನ್ನು ಹೊಡೆದು ಸಂಖ್ಯೆ ಏರಿಸುವ ಆಟವನ್ನು ಯಾರು ಕೊಳ್ಳುತ್ತಾರೆ?

ಚೆನ್ ಶೋ ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದವನು ಗುವೊ ಯುವಾನ್. ಆಟದಲ್ಲಿ ಅವನಿಗೆ ಗುಂಡಿಯೂ ಇಲ್ಲ, ಗರಿಯೂ ಇಲ್ಲ. ಅವನೊಬ್ಬ ಅಧಿಕಾರಿ. ಆ ಕಾಲದಲ್ಲಿ ಗೆಲುವಿನ ವರದಿ ಬರೆಯುವಾಗ ಒಂದನ್ನು ಹತ್ತು ಮಾಡಿ ಬರೆಯುವುದು ವಾಡಿಕೆಯಾಗಿತ್ತು. ನೂರು ತಲೆ ಬಿದ್ದಿದ್ದರೆ ಸಾವಿರ. ಓದುವವರಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. ಹೆಜಿಯಾನ್ ಎಂಬಲ್ಲಿ ದಂಗೆಯೊಂದನ್ನು ಅಡಗಿಸಿದ ಮೇಲೆ ಗುವೊ ಯುವಾನ್ ಎಷ್ಟು ತಲೆಯೋ ಅಷ್ಟೇ ಬರೆದು ಕಳಿಸಿದ. ತ್ಸಾವ್ ತ್ಸಾವ್‌ಗೆ ವಿಚಿತ್ರವೆನಿಸಿ ಕಾರಣ ಕೇಳಿದ. ಅದಕ್ಕೆ ಅವನು ಕೊಟ್ಟ ಉತ್ತರದ ಸಾರಾಂಶ ಇಷ್ಟು: ಹೊರಗಿನ ಶತ್ರುವನ್ನು ಗೆದ್ದಾಗ ಲೆಕ್ಕ ಹಿಗ್ಗಿಸುವುದು ನಮ್ಮ ಪರಾಕ್ರಮ ಜನಕ್ಕೆ ಕಾಣಲಿ ಅಂತ, ಹೆಜಿಯಾನ್ ನಮ್ಮದೇ ಸೀಮೆ, ಸತ್ತವರು ನಮ್ಮದೇ ಜನ, ಗೆದ್ದದ್ದು ನಿಜವಾದರೂ ನನಗೆ ಒಳಗೊಳಗೇ ನಾಚಿಕೆ. ತ್ಸಾವ್ ತ್ಸಾವ್ ಸಂತೋಷಪಟ್ಟು ಅವನಿಗೆ ಬಡ್ತಿ ಕೊಟ್ಟ. ಮಾರ್ಚ್ ತಿಂಗಳ ಗುರಿ ಮುಟ್ಟಲು ಅಂಕಿ ತಿದ್ದುವ ಎಷ್ಟೋ ಕಚೇರಿಗಳ ಗೋಡೆಗೆ ಇವನ ಚಿತ್ರ ಹಾಕಬಹುದಿತ್ತು.

ನಮ್ಮದೇ ಜನ ಎಂದು ಅವನು ಹೇಳಿದ ಮೇಲೆ ಇನ್ನೊಂದು ಲೆಕ್ಕವೂ ನೋಡಿಬಿಡೋಣ ಅನ್ನಿಸಿತು. 157ರ ಹಾನ್ ಜನಗಣತಿಯಲ್ಲಿ ಐದು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಜನ. 280ರಲ್ಲಿ ಯುದ್ಧಗಳೆಲ್ಲ ಮುಗಿದು ಜಿನ್ ವಂಶದವರು ಎಣಿಸಿದಾಗ ಸಿಕ್ಕಿದವರು ಒಂದು ಕೋಟಿ ಅರವತ್ತು ಲಕ್ಷದಷ್ಟು. ಉಳಿದವರೆಲ್ಲ ಸತ್ತೇಹೋದರು ಎಂದಲ್ಲ. ಎಷ್ಟೋ ಜನ ಊರು ಬಿಟ್ಟು ಓಡಿದರು, ಎಷ್ಟೋ ಜನ ತೆರಿಗೆಗೆ ಹೆದರಿ ಜಮೀನುದಾರರ ಮರೆಯಲ್ಲಿ ಉಳಿದರು, ಎಣಿಸುವ ಗುಮಾಸ್ತರೇ ಕಡಿಮೆಯಾಗಿದ್ದರು. ಅವನ್ನೆಲ್ಲ ಕಳೆದರೂ ಉಳಿಯುವುದು ಸಣ್ಣದಲ್ಲ. ತ್ಸಾವ್ ತ್ಸಾವ್ ಕವಿಯೂ ಆಗಿದ್ದ. ಬಯಲಲ್ಲಿ ಬಿಳಿ ಮೂಳೆಗಳು ಬಿದ್ದಿರುವುದನ್ನೂ, ಹರದಾರಿಗಟ್ಟಲೆ ನಡೆದರೂ ಒಂದು ಕೋಳಿ ಕೂಗಿದ್ದು ಕೇಳದಿರುವುದನ್ನೂ ಬರೆದವನು ಅವನೇ. ಅದರಲ್ಲಿ ತನ್ನ ಪಾಲು ಎಷ್ಟು ಎಂದು ಬರೆಯಲಿಲ್ಲ, ಅದು ಬೇರೆ ವಿಷಯ.

ಇದೆಲ್ಲ ಓದಿ ನಾನೇನು ಆಟ ಬಿಟ್ಟಿಲ್ಲ. ಓದಿದ್ದರಿಂದ ಆದದ್ದೆಂದರೆ ಆಟದೊಳಗಿನ ಊಟದ ಬಗ್ಗೆ ತಲೆ ಕೆಡಿಸಿಕೊಂಡದ್ದು. ಹೊಡೆತ ತಿಂದು ಸುಸ್ತಾದಾಗ ಅಲ್ಲಲ್ಲಿ ಇಟ್ಟ ಮಡಕೆ, ಪೆಟ್ಟಿಗೆ ಒಡೆದರೆ ಹಬೆಯಾಡುವ ಬಿಳಿ ಕಡುಬಿನಂಥದ್ದು ಸಿಗುತ್ತದೆ. ಒಳಗೆ ಮಾಂಸದ ಹೂರಣ. ಯುದ್ಧಭೂಮಿಯಲ್ಲಿ ಮಡಕೆಯೊಳಗೆ ಅದನ್ನು ಬಿಸಿಯಾಗಿ ಇಟ್ಟವರು ಯಾರು ಎಂದು ಅಮ್ಮ ಕೇಳಿದ್ದಳು, ನನಗೂ ಹೊಳೆದಿಲ್ಲ. ಆದರೆ ಇಂಥ ಕಡುಬು ಹುಟ್ಟಿದ್ದಕ್ಕೆ ಚೀನಾದಲ್ಲಿ ಒಂದು ಕಥೆಯಿದೆ, ಆ ದೊಡ್ಡ ಕಾದಂಬರಿಯಲ್ಲೂ ಬರುತ್ತದೆ. ಲಿಯು ಬೇಯ ಮಂತ್ರಿ ಝೂಗ ಲಿಯಾಂಗ್ ದಕ್ಷಿಣದ ಕಾಡುಸೀಮೆ ಗೆದ್ದು ಹಿಂದಿರುಗುವಾಗ ನದಿ ಉಕ್ಕಿ ದಾರಿ ಬಿಡಲಿಲ್ಲ. ಯುದ್ಧದಲ್ಲಿ ಸತ್ತವರ ದೆವ್ವಗಳು ನದಿಯನ್ನು ಕಾಯುತ್ತಿವೆ, ನಲವತ್ತೊಂಬತ್ತು ಮನುಷ್ಯರ ತಲೆ ಬಲಿ ಕೊಟ್ಟರೆ ಶಾಂತವಾಗುತ್ತದೆ ಎಂದರು ಸ್ಥಳದವರು. ಈಗಾಗಲೇ ಸತ್ತದ್ದು ಸಾಕು, ಇನ್ನೊಬ್ಬನೂ ಬೇಡ ಎಂದು ಅವನು ಹಿಟ್ಟು ನಾದಿಸಿ, ತಲೆಯ ಆಕಾರ ಮಾಡಿಸಿ, ಒಳಗೆ ಮಾಂಸ ತುಂಬಿಸಿ ನದಿಗೆ ಬಿಡಿಸಿದ. ನದಿ ಒಪ್ಪಿಕೊಂಡಿತು.

ಆಟದಲ್ಲಿ ಅದೇ ಝೂಗ ಲಿಯಾಂಗನ ಕೈಗೆ ಗರಿಯ ಬೀಸಣಿಗೆ ಕೊಟ್ಟಿದ್ದಾರೆ. ಅವನು ಅದನ್ನು ಬೀಸಿದರೆ ಅದರಿಂದ ಬೆಳಕಿನ ಕೋಲು ಹೊರಟು ಎದುರಿನ ಸಾಲು ಸಾಲನ್ನೇ ಕೆಡವುತ್ತದೆ. ಪರದೆಯನ್ನು ಎರಡು ಭಾಗ ಮಾಡಿಕೊಂಡು ಒಟ್ಟಿಗೆ ಆಡಲು ಕೂತಾಗ ಅಣ್ಣನ ಮಗ ಪ್ರತಿ ಸಲ ಅವನನ್ನೇ ಆರಿಸಿಕೊಳ್ಳುತ್ತಾನೆ. ಚಿಕ್ಕಪ್ಪ, ಇವನಿದ್ರೆ ಕೌಂಟು ಬೇಗ ಏರತ್ತೆ ಅಂತಾನೆ. ಏರುತ್ತದೆ ಕೂಡ.