ಹೊಳೆಯಿಲ್ಲದ ಊರಲ್ಲಿ ಯೊರ್ದನ್

ಹೋದ ಭಾನುವಾರ ಚಿಕ್ಕಪ್ಪನ ಮಗನ ದೀಕ್ಷಾಸ್ನಾನಕ್ಕೆ ಹೋಗಿದ್ದೆ. ಕೋಲಾರದ ಹತ್ತಿರ ಒಂದು ಹಳ್ಳಿ. ನಾವು ತಲೆಗೆ ನೀರು ಚಿಮುಕಿಸುವ ಸಭೆಯವರು. ಅವನು ಸೇರಿರುವುದು, ಯೇಸು ಯೊರ್ದನ್ ಹೊಳೆಯಲ್ಲಿ ಮಾಡಿಸಿಕೊಂಡ ಹಾಗೆ ಅಂತ, ಪೂರ್ತಿ ಮುಳುಗಿಸುವ ಸಭೆ. ಅದಕ್ಕಾಗಿ ಆಲಯದ ಹಿಂದೆ ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದಾರೆ. ತೊಟ್ಟಿಗೆ ನೀರು ಟ್ಯಾಂಕರ್‌ನಲ್ಲೇ ಬರಬೇಕು. ಅವತ್ತು ಟ್ಯಾಂಕರ್ ತಡವಾಯಿತು. ಕಾಯುತ್ತಾ ನಾಲ್ಕು ಹಾಡು ಜಾಸ್ತಿ ಹಾಡಿದೆವು. ಕೊನೆಗೆ ಗೇಟಿನ ಹತ್ತಿರ ಹಾರನ್ ಕೇಳಿಸಿತು. ಪಕ್ಕದಲ್ಲಿದ್ದ ಅತ್ತೆ ನನ್ನ ಕಿವಿಯಲ್ಲಿ, "ಬಂತು ನೋಡೋ ಯೊರ್ದನ್" ಅಂದರು.

ನಗು ತಡೆದುಕೊಂಡೆ. ಆದರೆ ಆಮೇಲಿನ ಪ್ರಸಂಗ ಕೇಳುವಾಗ ಸ್ವಲ್ಪ ಕಿರಿಕಿರಿಯಾಯಿತು. ಪಾಸ್ಟರ್ ಯೊರ್ದನ್ ಹೊಳೆಯನ್ನು ವರ್ಣಿಸಿದ ರೀತಿ ನೋಡಿದರೆ ಅದು ಗಂಗೆಯೋ ಗೋದಾವರಿಯೋ ಅನ್ನಬೇಕು. ಮಹಾನದಿ, ಭೋರ್ಗರೆತ, ಎರಡೂ ದಡ ತುಂಬಿದ ನೀರು. ಯೆಹೋಶುವನ ಪುಸ್ತಕದಲ್ಲಿ ಸುಗ್ಗಿ ಕಾಲಕ್ಕೆ ಅದು ದಡ ಮೀರಿತ್ತು ಅಂತ ಇದೆ, ಇಲ್ಲ ಅನ್ನಲ್ಲ. ಆದರೆ ಯೊರ್ದನ್ ಚಿಕ್ಕ ಹೊಳೆ. ಉದ್ದ ಸುಮಾರು 250 ಕಿಲೋಮೀಟರ್. ಇವತ್ತಂತೂ ಅದರ ನೀರಿನ ಬಹುಪಾಲನ್ನು ಇಸ್ರೇಲ್, ಜೋರ್ಡಾನ್, ಸಿರಿಯಾ ಮೂರೂ ದೇಶಗಳು ಮೇಲೆಯೇ ತಿರುಗಿಸಿಕೊಂಡಿವೆ. ಕೆಳಭಾಗದಲ್ಲಿ ಉಳಿದಿರುವ ಸ್ವಲ್ಪ ನೀರಿಗೆ ಕೊಳಚೆಯೂ ಸೇರುತ್ತದೆ.

ಆ ಕಾಲದಲ್ಲೂ ಅದನ್ನು ಕಂಡು ಮೂಗು ಮುರಿದವರಿದ್ದರು. ದಮಸ್ಕದ ಕಡೆಯ ಅರಾಮ್ಯರ ಸೇನಾಪತಿ ನಾಮಾನ ಕುಷ್ಠ ವಾಸಿಯಾಗಲಿ ಅಂತ ಇಸ್ರೇಲಿನ ಪ್ರವಾದಿ ಎಲೀಷನ ಮನೆ ಬಾಗಿಲಿಗೆ ಬಂದ. ಎಲೀಷ ಹೊರಗೂ ಬರಲಿಲ್ಲ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಅಂತ ಹೇಳಿಕಳಿಸಿದ. ನಾಮಾನನಿಗೆ ಸಿಟ್ಟು ಬಂತು. ನಮ್ಮ ದಮಸ್ಕದ ಅಬಾನ, ಪರ್ಪರ್ ಹೊಳೆಗಳು ಇಸ್ರೇಲಿನ ಎಲ್ಲ ನೀರಿಗಿಂತ ಚೆನ್ನಾಗಿಲ್ಲವಾ ಅಂದ. ಅವನು ಹೇಳಿದ್ದು ತಪ್ಪೂ ಅಲ್ಲ. ಕೆಲಸದಾಳುಗಳು ಬುದ್ಧಿ ಹೇಳಿದ ಮೇಲೆ ಆ ಸಣ್ಣ ಹೊಳೆಗೇ ಇಳಿದ, ವಾಸಿಯೂ ಆದ. ಈ ಕಥೆಯಲ್ಲಿ ಯೊರ್ದನ್ ಅನ್ನು ಗಂಗೆ ಮಾಡಿಬಿಟ್ಟರೆ ನಾಮಾನನ ಸಿಟ್ಟಿಗೆ ಅರ್ಥವೇ ಇರಲ್ಲ.

ನನಗೆ ಅನ್ನಿಸುವುದು ಇಷ್ಟು. ಬೈಬಲ್ ನೀರಿಲ್ಲದ ಸೀಮೆಯವರ ಪುಸ್ತಕ. ಅದರಲ್ಲಿ ಬರುವ ಹೊಳೆಗಳನ್ನು ಮಲೆನಾಡಿನವರಿಗಿಂತ ನಾವು ಕೋಲಾರದವರು ಚೆನ್ನಾಗಿ ಓದಬಲ್ಲೆವು. ಆದರೂ ಬೇರೆಯವರ ಹೊಳೆಗಳನ್ನು ತಂದು ಅದರೊಳಗೆ ಹರಿಸುತ್ತೇವೆ.

ನೋಡಿ, ಅದರಲ್ಲಿ ದೊಡ್ಡ ಹೊಳೆಗಳೆಲ್ಲ ಬೇರೆಯವರವು. ನೈಲ್ ನದಿ ಐಗುಪ್ತದ, ಅಂದರೆ ಈಜಿಪ್ಟಿನ, ಅರಸ ಫರೋಹನದು. ಇಬ್ರಿಯರ, ಅಂದರೆ ಇಸ್ರೇಲರ, ಗಂಡು ಕೂಸುಗಳನ್ನು ಎಸೆಯಿರಿ ಅಂತ ಅವನು ಹೇಳಿದ್ದು ಅದೇ ನೀರಿಗೆ. ಮುಂದೆ ಅದು ರಕ್ತವಾದಾಗ ಐಗುಪ್ತದವರು ಕುಡಿಯುವ ನೀರಿಗಾಗಿ ದಡದ ಸುತ್ತ ಅಗೆದರಂತೆ. ನಮ್ಮ ಕೋಲಾರದ ಪಾಲಾರ್ ಹೊಳೆಯ ಮರಳಲ್ಲಿ ಒರತೆ ತೋಡಿದವರಿಗೆ ಆ ಸಾಲು ಓದಿದರೆ ಕೈ ನೋವು ನೆನಪಾಗುತ್ತೆ. ಬಾಬೆಲಿನ ನದಿಗಳ ದಡದಲ್ಲಿ ಸೆರೆಯಾಳುಗಳು ಕೂತು ಅತ್ತದ್ದು 137ನೇ ಕೀರ್ತನೆ. ಪ್ರವಾದಿ ಯೆಶಾಯ ಇನ್ನೂ ನೇರ. ಮೆಲ್ಲಗೆ ಹರಿಯುವ ಸಿಲೋವದ ನೀರನ್ನು ಈ ಜನ ಬೇಡ ಅಂದರು, ಅದಕ್ಕೇ ಯೂಫ್ರೇಟೀಸಿನ ಪ್ರವಾಹ ಕತ್ತಿನವರೆಗೂ ಬರುತ್ತೆ ಅನ್ನುತ್ತಾನೆ. ಪ್ರವಾಹ ಅಂದರೆ ಅಶ್ಶೂರದ ಸೈನ್ಯ. ಸಿಲೋವ ಅಂದರೆ ಯೆರೂಸಲೇಮಿನ ಒಂದು ಒರತೆಯ ಸಣ್ಣ ಕಾಲುವೆ.

ಯೆರೂಸಲೇಮಿಗೆ ಹೊಳೆಯೇ ಇಲ್ಲ, ಗೊತ್ತಾ? ಇದ್ದದ್ದು ಗೀಹೋನ್ ಅನ್ನುವ ಆ ಒರತೆ. ಮುತ್ತಿಗೆ ಬಂದರೆ ನೀರು ಊರೊಳಗೇ ಇರಲಿ ಅಂತ ಅರಸ ಹಿಜ್ಕೀಯ ಬಂಡೆ ಕೊರೆದು ಸುರಂಗ ಮಾಡಿಸಿದ. ಸುಮಾರು 530 ಮೀಟರ್ ಉದ್ದ, ಇವತ್ತಿಗೂ ಅದರೊಳಗೆ ನೀರಲ್ಲಿ ನಡೆದು ಹೋಗಬಹುದು. ಅಂಥ ಊರಿನವರು 46ನೇ ಕೀರ್ತನೆಯಲ್ಲಿ ಒಂದು ನದಿ ಇದೆ, ಅದರ ಕಾಲುವೆಗಳು ದೇವರ ಪಟ್ಟಣವನ್ನು ಸಂತೋಷಪಡಿಸುತ್ತವೆ ಅಂತ ಹಾಡಿದರು. ಏದೆನ್ ತೋಟದ ನದಿ ನಾಲ್ಕಾಗಿ ಒಡೆಯಿತಲ್ಲ, ಅದರಲ್ಲಿ ಒಂದರ ಹೆಸರೂ ಗೀಹೋನ್.

ಇನ್ನೊಂದು ಪೀಶೋನ್. ಅದು ಸುತ್ತುವ ಹವೀಲ ಸೀಮೆಯಲ್ಲಿ ಚಿನ್ನ ಸಿಗುತ್ತೆ, ಆ ಚಿನ್ನ ಒಳ್ಳೆಯದು ಅಂತ ಆದಿಕಾಂಡ ಹೇಳುತ್ತೆ. ಕೆಜಿಎಫ್ ಗಣಿಗೆ ಇಳಿಯುತ್ತಿದ್ದ ನಮ್ಮ ತಾತ ಇದನ್ನು ಓದಿ ಖುಷಿಪಡುತ್ತಿದ್ದರು. ಅಜ್ಜಿ ಮಾತ್ರ, "ಚಿನ್ನ ನಮ್ಮಲ್ಲೂ ಇತ್ತು, ಆ ನದಿ ಎಲ್ಲಿ?" ಅನ್ನೋರು. ಗಣಿ ಊರಿಗೆ ನೀರು ಬರುತ್ತಿದ್ದದ್ದು ಪಾಲಾರ್ ಮೇಲಿನ ಬೇತಮಂಗಲ ಕೆರೆಯಿಂದ. ಗಣಿ 2001ರಲ್ಲಿ ಮುಚ್ಚಿತು.

ಇಬ್ರಿಯ ಭಾಷೆಯಲ್ಲಿ ದೊಡ್ಡ ನದಿಗೆ ನಾಹಾರ್ ಅಂತಾರೆ. ಮಳೆ ಬಂದರೆ ಮಾತ್ರ ಹರಿಯುವ ಹಳ್ಳಕ್ಕೆ ನಹಲ್ ಅನ್ನುವ ಬೇರೆ ಪದ ಇದೆ. ನಮ್ಮ ಪಾಲಾರ್ ಅಪ್ಪಟ ನಹಲ್. ಪ್ರವಾದಿ ಎಲೀಯನಿಗೆ ಕಾಗೆಗಳು ರೊಟ್ಟಿ ತಂದುಕೊಟ್ಟ ಕೆರೀತ್ ಹಳ್ಳ ಕೂಡ ಇದೇ ಜಾತಿ. ಕಾಗೆಯ ಕಥೆ ಸಂಡೇ ಸ್ಕೂಲ್‌ನಲ್ಲಿ ಎಲ್ಲರೂ ಕಲಿತಿದ್ದೇವೆ. ಮಳೆಯಿಲ್ಲದೆ ಆ ಹಳ್ಳ ಬತ್ತಿಹೋಯಿತು ಅನ್ನುವ ಮುಂದಿನ ಸಾಲು ಯಾರೂ ಕಲಿಸಲ್ಲ. ಯೋಬ ಕಷ್ಟದಲ್ಲಿದ್ದಾಗ ಗೆಳೆಯರಿಗೆ ಬೈದದ್ದು ಇದೇ ಹೋಲಿಕೆಯಲ್ಲಿ. ನೀವು ಹಳ್ಳದ ಹಾಗೆ, ತೇಮದ ವರ್ತಕರು ನೀರು ನಂಬಿ ಬಂದರು, ನಾಚಿಕೊಂಡು ನಿಂತರು ಅಂತ. ಪ್ರವಾದಿ ಆಮೋಸ ಕುರಿ ಕಾಯುತ್ತಿದ್ದವನು. ನ್ಯಾಯ ನೀರಿನ ಹಾಗೆ ಹರಿಯಲಿ, ನೀತಿ ಎಂದೂ ಬತ್ತದ ಹಳ್ಳವಾಗಲಿ ಅಂದ. ಆ 'ಬತ್ತದ' ಅನ್ನುವುದರಲ್ಲೇ ಇದೆ ಎಲ್ಲ. ವರ್ಷಪೂರ್ತಿ ಹೊಳೆ ನೋಡುವವರಿಗೆ ಅದು ಸುಮ್ನೆ ಒಂದು ವಿಶೇಷಣ.

ಸಮಾರ್ಯದ ಹೆಂಗಸಿನ ಬಗ್ಗೆಯೂ ನನ್ನದು ತಕರಾರು. ಬಾವಿ ಹತ್ತಿರ ಯೇಸು ಅವಳಿಗೆ ಜೀವಜಲ ಕೊಡುತ್ತೇನೆ ಅನ್ನುತ್ತಾನೆ. ಅವಳು, "ಅಯ್ಯಾ, ಆ ನೀರು ಕೊಡು, ಸೇದೋಕೆ ಇಷ್ಟು ದೂರ ಬರುವುದು ತಪ್ಪಲಿ" ಅನ್ನುತ್ತಾಳೆ. ಪ್ರಸಂಗಿಗಳು ಇಲ್ಲಿ ತಪ್ಪದೆ ನಗುತ್ತಾರೆ. ಪಾಪ, ಆತ್ಮದ ವಿಷಯ ಹೇಳಿದರೆ ಇವಳಿಗೆ ಬಿಂದಿಗೆ ಚಿಂತೆ ಅಂತ. ಆದರೆ ಅವರ ಆಡುಮಾತಿನಲ್ಲಿ ಜೀವವಿರುವ ನೀರು ಅಂದರೆ ಹರಿಯುವ ನೀರು ಅಂತಲೇ ಅರ್ಥ. ಆ ಮಾತನ್ನು ಅವಳು ಸರಿಯಾಗಿಯೇ ಕೇಳಿಸಿಕೊಂಡಳು. ನಡುಮಧ್ಯಾಹ್ನ, ಆಳದ ಬಾವಿ, ಸೊಂಟದ ಮೇಲೆ ಕೊಡ. ನಮ್ಮ ಅಮ್ಮ ಬೆಳಗಿನ ಜಾವ ನಲ್ಲಿಯ ಸಾಲಲ್ಲಿ ಬಿಂದಿಗೆ ಇಟ್ಟು ಬಂದವರು. ಅವರು ಈ ವಚನಕ್ಕೆ ಒಂದು ಸಲವೂ ನಕ್ಕಿಲ್ಲ.

ಕೊನೆಗೆ ಪ್ರವಾದಿ ಯೆಹೆಜ್ಕೇಲ. ಅವನು ಕಂಡ ದರ್ಶನದಲ್ಲಿ ದೇವಾಲಯದ ಹೊಸ್ತಿಲ ಕೆಳಗಿನಿಂದ ಸಣ್ಣಗೆ ನೀರು ಬರುತ್ತೆ. ಸಾವಿರ ಮೊಳ ಹೋದರೆ ಕಾಲಿನ ಹರಡಿನವರೆಗೆ. ಇನ್ನೊಂದು ಸಾವಿರಕ್ಕೆ ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಈಜಬೇಕು. ಅದು ಹೋಗಿ ಸೇರುವುದು ಏನೂ ಬದುಕದ ಲವಣಸಮುದ್ರಕ್ಕೆ, ಅಂದರೆ ಮೃತಸಮುದ್ರಕ್ಕೆ. ಸೇರಿದ ಮೇಲೆ ಅಲ್ಲಿ ಮೀನು ಹುಟ್ಟುತ್ತೆ, ಬೆಸ್ತರು ಏನ್‌ಗೆದಿಯಲ್ಲಿ ಬಲೆ ಹರಡುತ್ತಾರೆ. ಜೌಗು ಜಾಗ ಮಾತ್ರ ಉಪ್ಪಾಗಿಯೇ ಉಳಿಯುತ್ತೆ. ಈ ಒಂದು ಸಣ್ಣ ವಿವರ ನನಗೆ ಬಹಳ ಇಷ್ಟ. ಕನಸಲ್ಲೂ ಅವನು ಉಪ್ಪಿನ ಲೆಕ್ಕ ಮರೆತಿಲ್ಲ.

ಯೆಹೆಜ್ಕೇಲನ ನೀರು ದೇವಾಲಯದ ಹೊಸ್ತಿಲಿಂದ ಬಂತು. ನಮ್ಮದು ಬೆಂಗಳೂರಿನ ಬಚ್ಚಲಿಂದ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಅಲ್ಲಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ಲಕ್ಷ್ಮೀಸಾಗರ ಕೆರೆ, ಅದು ಕೋಡಿ ಹರಿದರೆ ಮುಂದಿನದು. ಚಿಕ್ಕಪ್ಪನ ತೋಟದಲ್ಲಿ ಸತ್ತಿದ್ದ ಬೋರ್‌ವೆಲ್ ಮತ್ತೆ ನೀರು ಎತ್ತಿದೆ, ಸುಳ್ಳು ಹೇಳಲ್ಲ. ಮೂರನೇ ಹಂತವೂ ಶುದ್ಧ ಮಾಡಿ ಅಂತ ಇಲ್ಲಿನವರು ಕೇಳುತ್ತಲೇ ಇದ್ದಾರೆ. ನಾನೂ ಕೇಳುವವನೇ. ನಾಮಾನನಿಗೆ ಕೊಟ್ಟ ಉಪದೇಶವನ್ನು ನಮಗೂ ಕೊಟ್ಟು, ಬಂದ ನೀರಿಗೆ ಹೆಸರಿಡಬೇಡಿ, ಸುಮ್ನೆ ಮುಳುಗಿ ಅನ್ನುವವರಿದ್ದಾರೆ. ನಾಮಾನ ಆ ನೀರನ್ನು ಕುಡಿಯಲಿಲ್ಲ, ಮಕ್ಕಳಿಗೂ ಕುಡಿಸಲಿಲ್ಲ.

ಬೈಬಲಿನ ಕೊನೆಯ ಅಧ್ಯಾಯದಲ್ಲೂ ಹೊಳೆ ಇದೆ. ಚಿನ್ನದ ಬೀದಿ, ಆ ಬೀದಿಯ ನಡುವೆ ನೀರು. ನೀರು ಸ್ಫಟಿಕದ ಹಾಗೆ ತಿಳಿಯಾಗಿತ್ತು ಅಂತ ಯೋಹಾನ ಬರೆದಿದ್ದಾನೆ. ಸ್ವರ್ಗದ ನೀರು ಅಂದಮೇಲೆ ತಿಳಿಯಾಗಿಯೇ ಇರುತ್ತೆ, ಅದನ್ನು ಬೇರೆ ಯಾಕೆ ಬರೆಯಬೇಕು ಅಂತ ಚಿಕ್ಕಂದಿನಲ್ಲಿ ಅನ್ನಿಸುತ್ತಿತ್ತು. ಅವತ್ತು ದೀಕ್ಷಾಸ್ನಾನದ ಊಟ ಮುಗಿಸಿ ಬರುವಾಗ ಕೆರೆ ಏರಿ ಮೇಲೆ ಗಾಡಿ ನಿಲ್ಲಿಸಿದೆ. ಕೆರೆ ತುಂಬಿತ್ತು. ಅತ್ತೆ ಇಳಿದು, ಬಗ್ಗಿ, ನೀರು ಯಾವ ಬಣ್ಣ ಇದೆ ಅಂತ ಬಹಳ ಹೊತ್ತು ನೋಡಿದರು.